ಆರೂವರೆ ತಿಂಗಳಾದರೂ ಮಗು ಕೂರುತ್ತಿಲ್ಲ, ಕಾಯಬೇಕಾ ತೋರಿಸಬೇಕಾ?

ಬಟವಾಡಿ ಅಮ್ಮ, ತುಮಕೂರು

ಎಲ್ಲರಿಗೂ ನಮಸ್ಕಾರ. ನನ್ನ ಮಗನಿಗೆ ಈಗ ಆರೂವರೆ ತಿಂಗಳು. ತಾನಾಗಿ ಕೂರುವುದಿಲ್ಲ. ನಾನು ಕೂರಿಸಿದರೆ ಮುಂದಕ್ಕೆ ಬಾಗುತ್ತಾನೆ, ಕೈ ಊರಲು ನೋಡುತ್ತಾನೆ, ಸ್ವಲ್ಪ ಹೊತ್ತಿಗೆ ಎಡಕ್ಕೆ ವಾಲಿ ಬೀಳುತ್ತಾನೆ. ಬೋರಲು ಬೀಳಲು ಶುರು ಮಾಡಿದ್ದೂ ಈಚೆಗೆ. ನಾದಿನಿಯ ಮಗಳು ಇವನಿಗಿಂತ ಚಿಕ್ಕವಳು. ಅವಳು ದಿಂಬಿನ ಆಸರೆ ಇಲ್ಲದೆ ಕೂತು ತಟ್ಟೆ ಬಡಿಯುವ ವಿಡಿಯೋ ಮನೆಯವರ ವಾಟ್ಸಾಪ್ ಗುಂಪಿಗೆ ದಿನಾ ಬರುತ್ತದೆ. ಕೆಳಗೆ ಯಾರಾದರೂ ಒಬ್ಬರು ‘ನಿಮ್ಮ ಪಾಪು ಕೂತ್ನಾ?’ ಅಂತ ಕೇಳಿಯೇ ಕೇಳುತ್ತಾರೆ.

ಉಳಿದಂತೆ ಚೆನ್ನಾಗಿಯೇ ಇದ್ದಾನೆ. ನಗುತ್ತಾನೆ, ನನ್ನ ದನಿ ಕೇಳಿದರೆ ತಲೆ ತಿರುಗಿಸುತ್ತಾನೆ, ಗೊತ್ತಿಲ್ಲದವರು ಎತ್ತಿಕೊಂಡರೆ ಮುಖ ಸಪ್ಪೆ ಮಾಡುತ್ತಾನೆ. ಇಡೀ ದಿನ ಬುರ್ರ್ ಅಂತ ಜೊಲ್ಲು ಹಾರಿಸುತ್ತಾನೆ. ಹದಿನಾಲ್ಕು ವಾರದ ಲಸಿಕೆ ಆದಮೇಲೆ ಡಾಕ್ಟರ ಹತ್ತಿರ ಹೋಗುವ ಸಂದರ್ಭವೇ ಬಂದಿಲ್ಲ. ಮುಂದಿನ ಲಸಿಕೆ ಒಂಬತ್ತು ತಿಂಗಳಿಗೆ. ಅಲ್ಲಿಯವರೆಗೆ ಕಾಯಬಹುದಾ? ನಿಮ್ಮ ಮಕ್ಕಳು ಯಾವಾಗ ಕೂತವು?

ಗುಬ್ಬಿ ಅಜ್ಜಿ

ಮಗಳೇ, ಮೊದಲು ಆ ವಾಟ್ಸಾಪ್ ಗುಂಪನ್ನು ಸ್ವಲ್ಪ ದಿನ ನೋಡಬೇಡ. ನನ್ನ ಎರಡನೆಯವನು ಕೂರುವಾಗ ಒಂಬತ್ತು ತಿಂಗಳು ಹತ್ತಿರ ಬಂದಿತ್ತು. ಈಗ ತಿಪಟೂರು ಕಡೆ ತೋಟ ನೋಡಿಕೊಳ್ಳುತ್ತಾನೆ, ತೆಂಗಿನಮರ ಹತ್ತುತ್ತಾನೆ. ಮಗು ನಗುತ್ತದೆ, ಗುರುತು ಹಿಡಿಯುತ್ತದೆ ಅಂದರೆ ಅರ್ಧ ಚಿಂತೆ ಬಿಡು. ಎಣ್ಣೆ ಹಚ್ಚಿ ನೀರು ಹಾಕು. ಬುರ್ರ್ ಅಂತಾನೆ ಅಂದೆಯಲ್ಲ, ಮಳೆ ಬರುತ್ತದೆ ನೋಡು.

ಬಾಗೇಪಲ್ಲಿ ಟೀಚರ್

ಅಜ್ಜಿ, ನಮ್ಮ ಕಡೆ ಮಕ್ಕಳು ವರ್ಷವಿಡೀ ಬುರ್ರ್ ಅನ್ನುತ್ತವೆ. ಮಳೆ ಮಾತ್ರ ಆಂಧ್ರದ ಗಡಿ ದಾಟಿ ಬರುವುದಿಲ್ಲ.

ಮಾಲೂರು ಅಪ್ಪ

ನಾನು ನನ್ನ ಮಗಳ ಸಮಯದಲ್ಲಿ ತುಂಬ ಓದಿದ್ದೆ, ಅದನ್ನು ಇಲ್ಲಿ ಹಾಕುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. ಘಾನಾ, ಭಾರತ, ನಾರ್ವೆ, ಒಮಾನ್, ಅಮೆರಿಕ, ಈ ಐದು ದೇಶಗಳ 816 ಮಕ್ಕಳನ್ನು ಸತತವಾಗಿ ಗಮನಿಸಿ ಬರೆದದ್ದು. ಆಸರೆ ಇಲ್ಲದೆ ಕೂತಿದ್ದು 3.8 ತಿಂಗಳಿಂದ 9.2 ತಿಂಗಳ ಒಳಗೆ. ಸರಾಸರಿ ಆರು ತಿಂಗಳು. ಅಂಬೆಗಾಲು 5.2ರಿಂದ 13.5. ಆಸರೆ ಇಲ್ಲದೆ ನಡೆದದ್ದು 8.2ರಿಂದ 17.6. ಅಂತರ ಎಷ್ಟು ದೊಡ್ಡದು ನೋಡಿ. ನೂರರಲ್ಲಿ ನಾಲ್ಕು ಮಕ್ಕಳು ಅಂಬೆಗಾಲೇ ಇಡದೆ ನೇರವಾಗಿ ಎದ್ದು ನಿಂತಿದ್ದವು.

ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಕೂಡ 2022ರಲ್ಲಿ ತನ್ನ ಪಟ್ಟಿ ಬದಲಿಸಿತು. ಅದರಲ್ಲಿ ಆರು ತಿಂಗಳಿಗೆ ಬರೆದಿರುವುದು ಕೈ ಊರಿಕೊಂಡು ಕೂರುವುದು, ಅಷ್ಟೆ. ಆಸರೆ ಇಲ್ಲದೆ ಕೂರುವುದು ಒಂಬತ್ತು ತಿಂಗಳ ಪಟ್ಟಿಯಲ್ಲಿದೆ. ಅಂಬೆಗಾಲನ್ನು ಪಟ್ಟಿಯಿಂದಲೇ ತೆಗೆದರು. ಹಾಗಾಗಿ ಮೇಡಂ, ನಿಮ್ಮ ಮಗ ಲೆಕ್ಕದ ಒಳಗೇ ಇದ್ದಾನೆ.

ಪಾವಗಡದ ಅಮ್ಮ

ಅಕ್ಕ, ನಾನು ವಾಕರ್ ತಂದುಕೊಟ್ಟೆ. ಬೆನ್ನು ನೆಟ್ಟಗಾಯಿತು ಅಂತ ನಮ್ಮ ಅತ್ತೆಯವರಿಗೆ ಖುಷಿಯೋ ಖುಷಿ. ಅಡುಗೆ ಮಾಡುವಾಗ ಮಗು ಒಂದು ಕಡೆ ಇರುತ್ತದೆ, ನಮಗೂ ಕೈ ಬಿಡುವು. ಬೇಕಾದರೆ ನಮ್ಮದನ್ನೇ ಕಳಿಸುತ್ತೇನೆ.

ಚಿಂತಾಮಣಿ ಫಿಸಿಯೋ

ದಯವಿಟ್ಟು ವಾಕರ್ ಬೇಡ. ಅದರಲ್ಲಿ ಮಗು ಕೂರುವುದನ್ನು ಕಲಿಯುವುದಿಲ್ಲ, ನೇತಾಡುವುದನ್ನು ಕಲಿಯುತ್ತದೆ. ಕಾಲಿನ ತುದಿಯಲ್ಲಿ ತಳ್ಳಿಕೊಂಡು ಓಡಾಡುತ್ತದೆ, ಸೊಂಟಕ್ಕೆ ಕೆಲಸವೇ ಇಲ್ಲ. ಒಂದು ಕ್ಷಣದಲ್ಲಿ ಹೊಸಿಲ ಮೇಲೆ ಮುಗ್ಗರಿಸುತ್ತದೆ, ಇಲ್ಲವೇ ಬಿಸಿ ಸಾರಿನ ಪಾತ್ರೆಗೆ ಕೈ ಹಾಕುತ್ತದೆ. ಕೆನಡಾದಲ್ಲಿ 2004ರಿಂದ ಇದರ ಮಾರಾಟವೇ ನಿಷೇಧ. ಕೈ ಬಿಡುವು ಬೇಕು ಅನ್ನುವುದು ನಿಜ. ಅದಕ್ಕೆ ನೆಲದ ಮೇಲೆ ಚಾಪೆ ಹಾಕಿ, ಅದರ ಮೇಲೆ ದುಪ್ಪಟಿ ಹಾಸಿ, ಸುತ್ತ ದಿಂಬು ಇಟ್ಟು ಬಿಡಿ. ಕಣ್ಣಿಗೆ ಕಾಣುವ ಹಾಗೆ ಇರಲಿ, ಅಷ್ಟೆ.

ಬಟವಾಡಿ ಅಮ್ಮನವರೇ, ಮಾಲೂರಿನ ಅಣ್ಣ ಹೇಳಿದ ಅಂಕಿ ಎಲ್ಲ ಸರಿ. ಆದರೆ ಉತ್ತರ ಕೊಡುವ ಮುಂಚೆ ನನಗೆ ಕೆಲವು ವಿಷಯ ಗೊತ್ತಾಗಬೇಕು. ಮಗು ಎಷ್ಟು ವಾರಕ್ಕೆ ಹುಟ್ಟಿತು? ಹುಟ್ಟಿದಾಗ ತೂಕ ಎಷ್ಟು? ಕೈ ಮುಷ್ಟಿ ಬಿಚ್ಚಿರುತ್ತದಾ? ಎರಡೂ ಕೈಯಲ್ಲಿ ಸಾಮಾನು ಹಿಡಿಯುತ್ತಾನಾ? ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿಸುತ್ತಾನಾ? ಬೋರಲು ಬೀಳುವುದು ಎರಡೂ ಕಡೆಯಿಂದಲೂ ಆಗುತ್ತದಾ?

ಕೆಜಿಎಫ್ ಅವಳಿ ಅಮ್ಮ

ಫಿಸಿಯೋ ಮೇಡಂ ಕೇಳಿದ್ದಕ್ಕೆ ಉತ್ತರ ಬರುವವರೆಗೆ ನನ್ನದೊಂದು ಮಾತು. ನನಗೆ ಅವಳಿ. ಒಂದೇ ದಿನ ಹುಟ್ಟಿದವು, ಒಂದೇ ಹಾಲು, ಒಂದೇ ತೊಟ್ಟಿಲು. ಮಗಳು ಸರಿಯಾಗಿ ಅಂಬೆಗಾಲು ಇಟ್ಟಳು. ಮಗ ಅಂಬೆಗಾಲು ಇಡಲೇ ಇಲ್ಲ. ಕೂತಲ್ಲಿಂದ ಕುಂಡಿ ಮೇಲೆ ದೇಕಿಕೊಂಡು ಮನೆಯೆಲ್ಲ ಸುತ್ತುತ್ತಿದ್ದ, ಚಡ್ಡಿಯ ಹಿಂಭಾಗ ಸವೆದುಹೋಗುತ್ತಿತ್ತು. ಹೀಗೆ ದೇಕುವ ಮಕ್ಕಳು ನಡೆಯುವುದು ನಿಧಾನ ಅಂತ ಡಾಕ್ಟರ್ ಮೊದಲೇ ಹೇಳಿದ್ದರು, ಹಾಗೇ ಆಯಿತು. ಈಗ ಇಬ್ಬರೂ ಒಂದೇ ತರಗತಿ, ಓಟದಲ್ಲಿ ಅವನೇ ಮುಂದೆ. ಒಂದೇ ಹೊಟ್ಟೆಯಲ್ಲಿ ಬಂದವರೇ ಹೀಗಿರುವಾಗ ನಾದಿನಿಯ ಮಗಳ ಜೊತೆ ಹೋಲಿಸುವುದು ಯಾಕೆ ಅಲ್ವಾ?

ಬಟವಾಡಿ ಅಮ್ಮ, ತುಮಕೂರು

ಮೇಡಂ, 34 ವಾರಕ್ಕೇ ಹೆರಿಗೆ ಆಯಿತು. ನನಗೆ ಬಿಪಿ ಜಾಸ್ತಿಯಾಗಿ ಸಿಸೇರಿಯನ್ ಮಾಡಿದರು. ತೂಕ 1.9 ಕೆಜಿ. ಕೆಲವು ದಿನ ಹಸುಗೂಸುಗಳ ತೀವ್ರ ನಿಗಾ ಘಟಕ ಎನ್‌ಐಸಿಯುನಲ್ಲಿ ಇಟ್ಟಿದ್ದರು. ಬೋರಲು ಬೀಳುವುದು ಒಂದೇ ಕಡೆಗೆ, ಎಡಗೈ ಕೆಳಗೆ ಸಿಕ್ಕಿಕೊಂಡರೆ ಎಳೆದುಕೊಳ್ಳಲು ಆಗದೆ ಅಳುತ್ತಾನೆ.

ಕೈ ಬಗ್ಗೆ ಕೇಳಿದಿರಿ. ಏನು ಕೊಟ್ಟರೂ ಬಲಗೈಯಲ್ಲೇ ತೆಗೆದುಕೊಳ್ಳುತ್ತಾನೆ. ನಮ್ಮತ್ತೆ ಅದನ್ನೇ ಎಲ್ಲರಿಗೂ ಹೇಳಿಕೊಂಡು ಸಂತೋಷಪಡುತ್ತಾರೆ. ನಮ್ಮ ಮನೆಯವರು ಎಡಚ, ಚಿಕ್ಕವರಿದ್ದಾಗ ಅದಕ್ಕೇ ಪೆಟ್ಟು ತಿಂದಿದ್ದಾರಂತೆ. ‘ಮೊಮ್ಮಗ ಆ ದಾರಿ ಹಿಡಿಯಲಿಲ್ಲ, ಲಕ್ಷಣವಾಗಿ ಬಲಗೈ ಚಾಚುತ್ತಾನೆ’ ಅನ್ನುತ್ತಾರೆ.

ಚಿಂತಾಮಣಿ ಫಿಸಿಯೋ

ನಿಮ್ಮ ಪ್ರಶ್ನೆಗೆ ಎರಡು ಭಾಗವಾಗಿ ಹೇಳುತ್ತೇನೆ.

ಕೂರುವ ವಿಷಯ ಮೊದಲು. 34 ವಾರ ಅಂದರೆ ಪೂರ್ತಿ 40 ವಾರಕ್ಕೆ ಆರು ವಾರ ಕಮ್ಮಿ. ಬೆಳವಣಿಗೆ ನೋಡುವಾಗ ಆ ಆರು ವಾರ ಕಳೆಯಬೇಕು. ಎರಡು ವರ್ಷ ತುಂಬುವವರೆಗೂ ಹೀಗೇ ಲೆಕ್ಕ. ಅಂದರೆ ನಿಮ್ಮ ಮಗ ಕ್ಯಾಲೆಂಡರಿನಲ್ಲಿ ಆರೂವರೆ ತಿಂಗಳು, ಬೆಳವಣಿಗೆಯಲ್ಲಿ ಐದು ತಿಂಗಳು. ಮಾಲೂರಿನ ಅಣ್ಣ ಹೇಳಿದ ಅಧ್ಯಯನದಲ್ಲಿ ಇದ್ದವರೆಲ್ಲ ತಿಂಗಳು ತುಂಬಿ ಹುಟ್ಟಿದ ಮಕ್ಕಳೇ. ಐದು ತಿಂಗಳ ಮಗು ಕಪ್ಪೆ ಕೂತ ಹಾಗೆ ಮುಂದಕ್ಕೆ ಕೈ ಊರಿ ಸ್ವಲ್ಪ ಹೊತ್ತು ಕೂತರೆ ಅದೇ ಸಾಕು. ಕೂರುತ್ತಿಲ್ಲ ಅನ್ನುವುದೊಂದಕ್ಕೇ ನಾನು ನಿಮ್ಮನ್ನು ಆಸ್ಪತ್ರೆಗೆ ಕಳಿಸುತ್ತಿರಲಿಲ್ಲ.

ಈಗ ಕೈ ವಿಷಯ. ಇಷ್ಟು ಚಿಕ್ಕ ಮಗುವಿಗೆ ಬಲ ಎಡ ಅಂತ ಇರುವುದಿಲ್ಲ. ಯಾವ ಕಡೆ ಗಿಲಕಿ ಅಲ್ಲಾಡುತ್ತದೋ ಆ ಕಡೆಯ ಕೈ ಮುಂದೆ ಬರುತ್ತದೆ. ಬಲಚ, ಎಡಚ ಅನ್ನುವುದು ಸ್ಪಷ್ಟವಾಗುವುದು ಒಂದೂವರೆ ವರ್ಷ ದಾಟಿದ ಮೇಲೆ. ಒಂದು ವರ್ಷದ ಒಳಗೆ ಮಗು ಯಾವಾಗಲೂ ಒಂದೇ ಕೈ ಬಳಸುತ್ತದೆ ಅಂದರೆ, ಆ ಕೈ ಚುರುಕು ಅಂತ ಅಲ್ಲ, ಇನ್ನೊಂದು ಕೈ ಯಾಕೆ ಬರುತ್ತಿಲ್ಲ ಅಂತ ನೋಡಬೇಕು. ಎಡಕ್ಕೆ ವಾಲಿ ಬೀಳುವುದು, ಎಡಗೈ ಕೆಳಗೆ ಸಿಕ್ಕಿಕೊಳ್ಳುವುದು, ಒಂದೇ ಕಡೆ ಹೊರಳುವುದು, ಇವೆಲ್ಲ ಸೇರಿ ಒಂದೇ ಕಡೆ ಬೆರಳು ತೋರಿಸುತ್ತಿವೆ.

ಬರೆದದ್ದನ್ನು ಓದಿ ಯಾರೂ ರೋಗ ಹೇಳಬಾರದು. ನಾನೂ ಹೇಳುತ್ತಿಲ್ಲ. ಮನೆಯಲ್ಲಿ ಇಷ್ಟು ನೋಡಿ. ಮಗು ಹೊಟ್ಟೆ ತುಂಬಿ ಖುಷಿಯಾಗಿರುವಾಗ ನಿಮ್ಮ ತೊಡೆಯ ಮೇಲೆ, ನಿಮ್ಮ ಎದೆಗೆ ಬೆನ್ನು ಒರಗಿಸಿ ಕೂರಿಸಿಕೊಳ್ಳಿ. ಎದುರಿಗೆ ಇನ್ನೊಬ್ಬರು ಒಂದು ಸ್ಟೀಲ್ ಚಮಚ ಹಿಡಿಯಲಿ. ಮೊದಲು ನಡುವೆ. ಆಮೇಲೆ ಎಡಭುಜದ ನೇರಕ್ಕೆ. ಬಲಗೈ ಅಡ್ಡ ಬಂದು ತೆಗೆದುಕೊಳ್ಳುತ್ತದಾ, ಎಡಗೈ ಏಳುತ್ತದಾ? ಎದ್ದರೆ ಬೆರಳು ಬಿಚ್ಚುತ್ತದಾ? ಆಮೇಲೆ ಬಲಗೈಯನ್ನು ಮೆತ್ತಗೆ ಹಿಡಿದುಕೊಂಡು ಮತ್ತೆ ತೋರಿಸಿ. ಇನ್ನೊಂದು, ಮಗುವನ್ನು ಅಂಗಾತ ಮಲಗಿಸಿ ಮುಖದ ಮೇಲೆ ತೆಳುವಾದ ಕರ್ಚೀಫ್ ಹಾಕಿ. ಸಾಮಾನ್ಯವಾಗಿ ಈ ವಯಸ್ಸಿನವರು ಕಿತ್ತು ಎಸೆಯುತ್ತಾರೆ. ಯಾವ ಕೈಯಲ್ಲಿ ಅಂತ ಗಮನಿಸಿ. ಎಲ್ಲವನ್ನೂ ಮೊಬೈಲಿನಲ್ಲಿ ವಿಡಿಯೋ ಮಾಡಿಕೊಳ್ಳಿ. ಆಸ್ಪತ್ರೆಯಲ್ಲಿ ಮಗು ಅಳುತ್ತಿದ್ದರೆ ಯಾರಿಗೂ ಏನೂ ಕಾಣುವುದಿಲ್ಲ, ವಿಡಿಯೋ ಇದ್ದರೆ ಕಾಣುತ್ತದೆ.

ಗುಬ್ಬಿ ಅಜ್ಜಿ

ಹೆದರಿಸಬೇಡಮ್ಮ. ಎಳೆಕೂಸು. ಬಾಣಂತಿ ಮನಸ್ಸು ಮೊದಲೇ ಮೆತ್ತಗಿರುತ್ತದೆ. ನಮ್ಮ ಕಾಲದಲ್ಲಿ ಚಮಚ ಹಿಡಿದು ಯಾರು ಪರೀಕ್ಷೆ ಮಾಡಿದರು?

ಚಿಂತಾಮಣಿ ಫಿಸಿಯೋ

ಅಜ್ಜಿ, ನಿಮ್ಮ ಮಾತು ತಪ್ಪಲ್ಲ. ನಿಮ್ಮ ಕಾಲದಲ್ಲಿ ಪರೀಕ್ಷೆ ಇರಲಿಲ್ಲ, ಆದರೆ ಊರಿಗೆ ಒಬ್ಬರಾದರೂ ಒಂದು ಕೈ ಸೊಟ್ಟಗಿದ್ದವರು ಇದ್ದರು ಅಲ್ವಾ? ನಮ್ಮ ಹತ್ತಿರ ಮಕ್ಕಳನ್ನು ಕರೆತರುವುದು ಎರಡು ವರ್ಷ ತುಂಬಿದ ಮೇಲೆ. ‘ಕೈ ಯಾಕೋ ಮಡಚಿಕೊಂಡೇ ಇರುತ್ತದೆ’ ಅಂತ. ಅಷ್ಟರಲ್ಲಿ ಮಗು ಆ ಕೈಯನ್ನು ಮರೆತೇ ಬಿಟ್ಟಿರುತ್ತದೆ. ಮಿದುಳು ಬೇಗ ಬೇಗ ಕಲಿಯುವ ಕಾಲ ಈ ಮೊದಲ ವರ್ಷ. ಪರೀಕ್ಷೆ ಮಾಡಿಸಿ ಏನೂ ಇಲ್ಲ ಅಂತಾದರೆ ಒಂದು ದಿನದ ಬಸ್ ಚಾರ್ಜ್ ಹೋಯಿತು, ಅಷ್ಟೇ ತಾನೆ.

ಕೊರಟಗೆರೆ ಆಶಾ

ಎಲ್ಲಿಗೆ ಹೋಗಬೇಕು ಅನ್ನುವುದನ್ನು ನಾನು ಹೇಳುತ್ತೇನೆ ಅಕ್ಕ. ನೀವು ಬರೆದದ್ದರಲ್ಲಿ ಒಂದು ಮಾತು ಸರಿಯಾಗಿ ಹಿಡಿದಿದ್ದೀರಿ. ಹದಿನಾಲ್ಕು ವಾರದಿಂದ ಒಂಬತ್ತು ತಿಂಗಳವರೆಗೆ ಸರ್ಕಾರಿ ಲಸಿಕೆ ಯಾವುದೂ ಇಲ್ಲ. ಮಗುವಿನಲ್ಲಿ ಎಷ್ಟೋ ಬದಲಾಗುವ ಕಾಲ ಅದೇ, ಆದರೆ ಯಾರ ಕಣ್ಣಿಗೂ ಮಗು ಬೀಳುವುದಿಲ್ಲ. ಅದಕ್ಕೇ 2018ರಿಂದ ಎಚ್‌ಬಿವೈಸಿ ಅಂತ ಮನೆಗೇ ಬಂದು ಚಿಕ್ಕ ಮಕ್ಕಳನ್ನು ನೋಡುವ ಕಾರ್ಯಕ್ರಮ ಇದೆ. ನಾವು 3, 6, 9, 12, 15ನೇ ತಿಂಗಳಿಗೆ ಮನೆಗೆ ಬರಬೇಕು. ತೂಕ ನೋಡುತ್ತೇವೆ, ಊಟ ಕೇಳುತ್ತೇವೆ, ಮಗು ಏನೇನು ಮಾಡುತ್ತದೆ ಅಂತ ತಾಯಿ ಕಾರ್ಡ್ ಜೊತೆ ಹೋಲಿಸುತ್ತೇವೆ. ಕಾರ್ಡಿನಲ್ಲಿ ಆಯಾ ತಿಂಗಳಿಗೆ ಚಿತ್ರವೇ ಇದೆ. ತುಂಬ ಮನೆಗಳಲ್ಲಿ ಲಸಿಕೆಯ ಪುಟ ಬಿಟ್ಟು ಬೇರೆ ಪುಟ ತೆರೆದೇ ಇರುವುದಿಲ್ಲ.

ಪೇಟೆಯಲ್ಲಿ ಬಾಡಿಗೆ ಮನೆ ಬದಲಿಸುವವರು ನಮ್ಮ ಪಟ್ಟಿಯಿಂದ ತಪ್ಪಿಹೋಗುತ್ತಾರೆ. ನಿಮ್ಮ ವಾರ್ಡಿನ ಆಶಾ ಯಾರು ಅಂತ ಅಂಗನವಾಡಿಯಲ್ಲಿ ಕೇಳಿ.

ಜಿಲ್ಲಾ ಆಸ್ಪತ್ರೆಯ ಮಟ್ಟದಲ್ಲಿ ಡಿಇಐಸಿ ಅಂತ, ಮಕ್ಕಳ ತೊಂದರೆಯನ್ನು ಬೇಗ ಗುರುತಿಸಿ ಚಿಕಿತ್ಸೆ ಶುರು ಮಾಡುವ ಒಂದು ವಿಭಾಗ. 2013ರಲ್ಲಿ ಬಂದ ಸರ್ಕಾರದ ಮಕ್ಕಳ ಆರೋಗ್ಯ ಕಾರ್ಯಕ್ರಮ ಆರ್‌ಬಿಎಸ್‌ಕೆ ಅಡಿಯಲ್ಲಿ ಇದು ನಡೆಯುವುದು. ಹುಟ್ಟಿನಿಂದ 18 ವರ್ಷದವರೆಗೆ. ಹುಟ್ಟಿನ ದೋಷ, ಕಾಯಿಲೆ, ಪೌಷ್ಟಿಕಾಂಶದ ಕೊರತೆ, ಬೆಳವಣಿಗೆಯ ವಿಳಂಬ, ನಾಲ್ಕಕ್ಕೂ ನೋಡುತ್ತಾರೆ, ದುಡ್ಡು ಕಟ್ಟುವಂತಿಲ್ಲ. ಹೋಗುವಾಗ ತಾಯಿ ಕಾರ್ಡ್ ಮತ್ತು ಎನ್‌ಐಸಿಯು ಡಿಸ್ಚಾರ್ಜ್ ಸಮ್ಮರಿ ಎರಡನ್ನೂ ಇಟ್ಟುಕೊಳ್ಳಿ. ಸಮ್ಮರಿ ಬಹಳ ಮುಖ್ಯ. ಎಷ್ಟು ದಿನ ಆಮ್ಲಜನಕ ಕೊಟ್ಟರು, ತಲೆಯ ಸ್ಕ್ಯಾನ್ ಆಗಿತ್ತಾ, ಕಣ್ಣು ಕಿವಿ ಪರೀಕ್ಷೆ ಆಗಿತ್ತಾ, ಎಲ್ಲ ಅದರಲ್ಲೇ ಇರುತ್ತದೆ.

ಶ್ರೀನಿವಾಸಪುರ ಮಾವ

ವಿಡಿಯೋ ಮಾತು ಬಂತು, ಅದಕ್ಕೇ ಬರೆಯುತ್ತಿದ್ದೇನೆ. ನಮ್ಮ ಅಕ್ಕನ ಮೊಮ್ಮಗಳಿಗೆ ಆರು ತಿಂಗಳು ಇದ್ದಾಗ ಒಂದು ವಿಚಿತ್ರ ಶುರುವಾಯಿತು. ನಿದ್ದೆಯಿಂದ ಎದ್ದ ತಕ್ಷಣ ತಲೆ ಬಾಗಿಸಿ, ಎರಡೂ ಕೈ ಥಟ್ಟನೆ ಅಗಲಿಸಿ, ಬಿಡುವುದು. ಸ್ವಲ್ಪ ಹೊತ್ತು ಸುಮ್ನೆ. ಮತ್ತೆ ಹಾಗೇ. ಸಾಲಾಗಿ ಬರುತ್ತಿತ್ತು. ಮನೆಯವರೆಲ್ಲ ಗ್ಯಾಸು ಅಂದರು, ಗ್ರೈಪ್ ವಾಟರ್ ಕುಡಿಸಿದರು, ದೃಷ್ಟಿ ತೆಗೆದರು. ಅಷ್ಟರಲ್ಲಿ ಮಗು ನಗುವುದು ಕಮ್ಮಿಯಾಯಿತು, ಕರೆದರೆ ನೋಡುತ್ತಿರಲಿಲ್ಲ. ಅಪ್ಪ ಆ ಜರ್ಕ್ ಅನ್ನು ಮೊಬೈಲಿನಲ್ಲಿ ಹಿಡಿದು ಡಾಕ್ಟರಿಗೆ ತೋರಿಸಿದ. ಅವರು ನೋಡಿದ ಕೂಡಲೇ ಮಿದುಳಿನ ಇಇಜಿ ಪರೀಕ್ಷೆ ಬರೆದರು, ನಿಮ್ಹಾನ್ಸಿಗೆ ಕಳಿಸಿದರು. ಇನ್‌ಫೆಂಟೈಲ್ ಸ್ಪಾಸಮ್ ಅಂತ ಒಂದು ಬಗೆಯ ಫಿಟ್ಸ್. ನಾಲ್ಕರಿಂದ ಏಳು ತಿಂಗಳ ನಡುವೆ ಶುರುವಾಗುವುದು ಜಾಸ್ತಿಯಂತೆ. ಇದಕ್ಕೆ ಒಂಬತ್ತು ತಿಂಗಳ ಲಸಿಕೆವರೆಗೆ ಕಾಯುವ ಹಾಗಿಲ್ಲ, ಒಂದೊಂದು ದಿನವೂ ಲೆಕ್ಕ.

ಚಿಂತಾಮಣಿ ಫಿಸಿಯೋ

ಮಾವ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಬಂದಿದ್ದ ವಿದ್ಯೆ ಹೋಗುವುದು ಯಾವ ವಯಸ್ಸಿನಲ್ಲೇ ಆಗಲಿ ಅಪಾಯದ ಗುರುತು. ನಿಧಾನ ಬೇರೆ, ಹಿಂದಕ್ಕೆ ಹೋಗುವುದು ಬೇರೆ. ಆರು ತಿಂಗಳಿಗೆ ಬಂದರೂ ಮಗು ನಗುವುದೇ ಇಲ್ಲ, ಶಬ್ದಕ್ಕೆ ತಿರುಗುವುದಿಲ್ಲ, ಕಣ್ಣಿಗೆ ಕಣ್ಣು ಸೇರಿಸುವುದಿಲ್ಲ, ಸಾಮಾನಿಗೆ ಕೈ ಚಾಚುವುದಿಲ್ಲ, ಮೈ ಬಟ್ಟೆಯ ಹಾಗೆ ಜೋಲುತ್ತದೆ ಅಥವಾ ಡೈಪರ್ ಹಾಕುವಾಗ ಕಾಲು ಬಿಡಿಸಲಾಗದಷ್ಟು ಬಿಗಿ ಇದೆ, ಇವುಗಳಲ್ಲಿ ಒಂದು ಇದ್ದರೂ ತೋರಿಸಿ.

ಬಾಗೇಪಲ್ಲಿ ಟೀಚರ್

ಹಿಂದಕ್ಕೆ ಹೋಗುವುದು ಅಂದಾಗ ನೆನಪಾಯಿತು. ನಮ್ಮ ಬೀದಿಯಲ್ಲೇ ಒಂದು ಮಗು. ತಾಯಿ ಶುದ್ಧ ಸಸ್ಯಾಹಾರಿ, ಹಾಲು ಮೊಸರೂ ಅಷ್ಟಕ್ಕಷ್ಟೆ. ಮಗುವಿಗೆ ಎಂಟು ತಿಂಗಳಾದರೂ ಎದೆಹಾಲು ಒಂದೇ. ನೋಡಲು ದುಂಡುದುಂಡಗೆ ಇತ್ತು, ಅದಕ್ಕೇ ಯಾರಿಗೂ ಅನುಮಾನ ಬರಲಿಲ್ಲ. ಚೆನ್ನಾಗಿ ನಗುತ್ತಿದ್ದ ಮಗು ಮಂಕಾಯಿತು. ಮೈ ಬಿಳಿಚಿಕೊಂಡಿತು, ಬೆರಳ ಗೆಣ್ಣು ಮಾತ್ರ ಕಪ್ಪಾಯಿತು. ಕೊನೆಗೆ ಕೈ ನಡುಗಲು ಶುರು. ವಿಟಮಿನ್ ಬಿ12 ಕೊರತೆ. ತಾಯಿಯ ರಕ್ತದಲ್ಲೇ ಇಲ್ಲದಿದ್ದರೆ ಹಾಲಿನಲ್ಲಿ ಎಲ್ಲಿಂದ ಬರಬೇಕು? ಇಂಜೆಕ್ಷನ್ ಕೊಟ್ಟ ಮೇಲೆ ಮಗು ನಿಧಾನಕ್ಕೆ ಚೇತರಿಸಿಕೊಂಡಿತು, ತಾಯಿಗೂ ಚಿಕಿತ್ಸೆ ಕೊಟ್ಟರು. ಮಾಂಸ ಮೊಟ್ಟೆ ತಿನ್ನದ ಬಾಣಂತಿಯರು ಒಂದು ಸಲ ಬಿ12 ಪರೀಕ್ಷೆ ಮಾಡಿಸಿಕೊಳ್ಳಿ. ಬಾಣಂತನದ ಪಥ್ಯದಲ್ಲಿ ಅನ್ನ, ತುಪ್ಪ, ಮೆಣಸಿನ ಸಾರು ಬಿಟ್ಟು ಬೇರೆ ಕೊಡದ ಮನೆಗಳು ಇನ್ನೂ ಇವೆ.

ಪಾವಗಡದ ಅಮ್ಮ

ವಾಕರ್ ಅಟ್ಟಕ್ಕೆ ಹೋಯಿತು, ಅತ್ತೆ ಎರಡು ದಿನ ಮಾತಾಡಲಿಲ್ಲ. ಈಗ ಊಟದ ವಿಷಯ ಕೇಳುತ್ತೇನೆ. ನಮ್ಮಲ್ಲಿ ಹಲ್ಲು ಬಂದಮೇಲೇ ರಾಗಿ ಸರಿ ತಿನ್ನಿಸುವುದು ಅಂತಾರೆ. ನಮ್ಮ ಪಾಪುಗೆ ಆರು ತಿಂಗಳು ತುಂಬಿ ಹತ್ತು ದಿನ, ಹಲ್ಲಿನ ಸುಳಿವೇ ಇಲ್ಲ.

ಗುಬ್ಬಿ ಅಜ್ಜಿ

ಇದು ನನ್ನ ಇಲಾಖೆ. ಹಲ್ಲಿಗೂ ಸರಿಗೂ ಸಂಬಂಧ ಇಲ್ಲ ಕಣಮ್ಮ. ಕತ್ತು ನಿಂತಿರಬೇಕು, ಒರಗಿಸಿ ಕೂರಿಸಿದರೆ ಕೂರಬೇಕು, ನಾವು ಉಣ್ಣುವಾಗ ತುತ್ತನ್ನೇ ನೋಡುತ್ತಿರಬೇಕು. ಅಷ್ಟಾದರೆ ತಯಾರು ಅಂತ.

ರಾಗಿ ಆರಿಸಿ, ಕಲ್ಲು ಹೋಗುವ ಹಾಗೆ ನಾಲ್ಕಾರು ನೀರಿನಲ್ಲಿ ತೊಳೆ. ರಾತ್ರಿ ನೆನೆಹಾಕು. ಬೆಳಿಗ್ಗೆ ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿ ಇಡು. ಮೇಲೆ ಆಗಾಗ ನೀರು ಚಿಮುಕಿಸು. ಮೊಳಕೆ ಬಿಳಿ ಎಳೆಯಾಗಿ ಇಣುಕಿದರೆ ಸಾಕು, ಉದ್ದ ಬಿಡಬೇಡ, ಕಹಿಯಾಗುತ್ತದೆ. ನೆರಳಲ್ಲಿ ಒಣಗಿಸು. ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಘಮ್ ಅನ್ನುವವರೆಗೆ ಹುರಿ. ಬೀಸಿಸಿದ ಮೇಲೆ ಜರಡಿ ಸಾಲದು, ತೆಳು ಪಂಚೆ ಬಟ್ಟೆಯಲ್ಲಿ ಸೋಸು. ಪಾತ್ರೆಯ ಬಾಯಿಗೆ ಬಟ್ಟೆ ಕಟ್ಟಿ, ಮೇಲೆ ಹಿಟ್ಟು ಹಾಕಿ ಅಂಗೈಯಲ್ಲಿ ಸವರಿದರೆ ಕೆಳಗೆ ಬೀಳುವುದು ಮುಖಕ್ಕೆ ಹಚ್ಚುವ ಪೌಡರಿನಷ್ಟು ನುಣ್ಣಗಿರುತ್ತದೆ. ತಣ್ಣೀರಿನಲ್ಲಿ ಗಂಟಿಲ್ಲದೆ ಕದಡಿ, ಆಮೇಲೆ ಒಲೆ ಮೇಲಿಟ್ಟು ತಿರುಗಿಸು. ಬಣ್ಣ ಗಾಢವಾಗಿ, ಹೊಳಪು ಬಂದರೆ ಬೆಂದಿದೆ. ಒಂದು ತೊಟ್ಟು ತುಪ್ಪ. ಬೆಲ್ಲ, ಉಪ್ಪು ಏನೂ ಬೇಡ ಅಂತ ಈಗಿನ ಡಾಕ್ಟರು ಹೇಳುತ್ತಾರೆ, ಇರಲಿ.

ಕೊರಟಗೆರೆ ಆಶಾ

ಅಜ್ಜಿ ಹೇಳಿದ ಮೇಲೆ ಸೇರಿಸುವುದು ಸ್ವಲ್ಪವೇ ಇದೆ. ತೀರಾ ನೀರಾಗಿ ಮಾಡಿ ಬಾಟಲಿಗೆ ಹಾಕಬೇಡಿ. ಚಮಚ ಓರೆ ಮಾಡಿದರೆ ಸುರಿಯಬಾರದು, ಅಂಟಿಕೊಂಡು ಜಾರಬೇಕು. ಶುರುವಿಗೆ ಎರಡು ಮೂರು ಚಮಚ, ದಿನಕ್ಕೆ ಎರಡು ಸಲ, ಜೊತೆಗೆ ಎದೆಹಾಲು. ಆಮೇಲೆ ಅರ್ಧ ಬಟ್ಟಲಿಗೆ ಏರಿಸಿ. ರಾಗಿಯಲ್ಲಿ ಸುಣ್ಣದ ಅಂಶ ಜಾಸ್ತಿ ಇದೆ ನಿಜ, 100 ಗ್ರಾಂನಲ್ಲಿ 340 ಮಿಲಿಗ್ರಾಂಗೂ ಮೇಲೆ. ಕಬ್ಬಿಣ ಮಾತ್ರ ಮೈಗೆ ಹತ್ತುವುದು ಕಮ್ಮಿ. ಅದಕ್ಕೇ ಆರು ತಿಂಗಳಿಂದ ಐದು ವರ್ಷದವರೆಗೆ ವಾರಕ್ಕೆ ಎರಡು ಸಲ ಒಂದು ಮಿಲಿ ಕಬ್ಬಿಣಾಂಶದ ಐಎಫ್‌ಎ ಸಿರಪ್ ಕೊಡುತ್ತೇವೆ. ತೆಗೆದುಕೊಂಡು ಅಲಮಾರಿಯಲ್ಲಿ ಇಡಬೇಡಿ, ಹಾಕಿ. ಮಲ ಕಪ್ಪಾದರೆ ಗಾಬರಿ ಬೇಡ. ಜೇನುತುಪ್ಪ ಒಂದು ವರ್ಷದವರೆಗೆ ಬೇಡ, ಹಸುವಿನ ಹಾಲನ್ನು ಕುಡಿಯಲು ಕೊಡುವುದೂ ಅಷ್ಟೆ. ಬೇಗ ಮಾತು ಬರಲಿ ಅಂತ ಬಜೆ ತೇದು ನೆಕ್ಕಿಸುವುದನ್ನೂ ನಿಲ್ಲಿಸಿ.

ಪಾವಗಡದವರಿಗೆ ಇನ್ನೊಂದು. ಬೋರ್‌ವೆಲ್ ನೀರಿನ ಫ್ಲೋರೈಡ್ ಕುದಿಸಿದರೆ ಹೋಗುವುದಿಲ್ಲ, ನೀರು ಇಂಗಿ ಇನ್ನೂ ಗಟ್ಟಿಯಾಗುತ್ತದೆ. ಮಗುವಿನ ಸರಿಗೆ, ಡಬ್ಬದ ಹಾಲಿಗೆ ಶುದ್ಧ ನೀರಿನ ಘಟಕದ ನೀರನ್ನೇ ತಂದು ಕುದಿಸಿ ಬಳಸಿ. ಬಾಗೇಪಲ್ಲಿ ಕಡೆಯವರಿಗೂ ಇದೇ ಮಾತು.

ಬಟವಾಡಿ ಅಮ್ಮ, ತುಮಕೂರು

ಮೇಡಂ ಹೇಳಿದ ಹಾಗೆ ಮಾಡಿದೆವು. ನಾನು ಹಿಡಿದುಕೊಂಡೆ, ನಮ್ಮ ಮನೆಯವರು ಚಮಚ ತೋರಿಸಿದರು. ನಡುವೆ ಹಿಡಿದರೆ ಬಲಗೈ. ಎಡಕ್ಕೆ ಹಿಡಿದರೂ ಬಲಗೈ ಎದೆಯನ್ನು ದಾಟಿ ಬಂತು. ಬಲಗೈ ಹಿಡಿದುಕೊಂಡಾಗ ಎಡಗೈ ಸ್ವಲ್ಪ ಮೇಲೆದ್ದಿತು, ಮುಷ್ಟಿ ಬಿಚ್ಚಲಿಲ್ಲ. ಹೆಬ್ಬೆರಳು ಒಳಗೇ ಮಡಚಿಕೊಂಡಿತ್ತು. ಚಮಚಕ್ಕೆ ಮುಷ್ಟಿಯಿಂದಲೇ ಕುಟ್ಟಿದ. ಕರ್ಚೀಫ್ ಕಿತ್ತದ್ದೂ ಬಲಗೈಯಲ್ಲೇ. ಸ್ನಾನ ಮಾಡಿಸುವ ಅಜ್ಜಿಯನ್ನು ಕೇಳಿದೆ. ‘ಎಡಗೈ ಮುಷ್ಟಿ ಬಿಡಿಸಿ ಕೊಳೆ ತೆಗೆಯುವುದು ಯಾವಾಗಲೂ ಕಷ್ಟ, ಹಠಮಾರಿ’ ಅಂದರು. ಅವರಿಗೆ ಗೊತ್ತಿತ್ತು, ಯಾರೂ ಕೇಳಿರಲಿಲ್ಲ. ನಾಳೆ ಹೋಗುತ್ತೇವೆ.

ಕೆಜಿಎಫ್ ಅವಳಿ ಅಮ್ಮ

ಧೈರ್ಯವಾಗಿ ಹೋಗಿ ಬನ್ನಿ ತಂಗಿ. ಮಗುವಿಗೆ ಹಾಲು ಕೊಟ್ಟು, ನಿದ್ದೆ ಮುಗಿಸಿ ಎದ್ದ ಮೇಲೆ ಡಾಕ್ಟರ ಮುಂದೆ ಕೂರಿಸಿ. ಒಂದು ಜೊತೆ ಬಟ್ಟೆ ಜಾಸ್ತಿ ಇರಲಿ, ಸಾಲು ಉದ್ದ ಇರುತ್ತದೆ.

ಮಾಲೂರು ಅಪ್ಪ

ಅಮ್ಮ, ನನ್ನ ಅಂಕಿಗಳನ್ನು ಓದಿ ಯಾರಾದರೂ ‘ಒಂಬತ್ತು ತಿಂಗಳವರೆಗೆ ಟೈಮಿದೆ’ ಅಂತ ಸುಮ್ನೆ ಕೂರದಿರಲಿ. ಆ ಅಂಕಿ ಮಗು ಯಾವಾಗ ಕೂರುತ್ತದೆ ಅನ್ನುತ್ತದೆ, ಹೇಗೆ ಕೂರುತ್ತದೆ ಅನ್ನುವುದಿಲ್ಲ. ಎರಡೂ ಕೈ, ಎರಡೂ ಕಾಲು ಸಮವಾಗಿ ಆಡುತ್ತಿವೆಯಾ ಅನ್ನುವುದು ಯಾವ ಕೋಷ್ಟಕದಲ್ಲೂ ಕಾಣುವುದಿಲ್ಲ, ಮನೆಯಲ್ಲಿ ಕಾಣುತ್ತದೆ.

ಬಟವಾಡಿ ಅಮ್ಮ, ತುಮಕೂರು

ಕೇಳಿದವರಿಗೆಲ್ಲ ಒಟ್ಟಿಗೆ ಬರೆಯುತ್ತಿದ್ದೇನೆ. ಮಕ್ಕಳ ಡಾಕ್ಟರ್ ನೋಡಿದರು, ಆಮೇಲೆ ಥೆರಪಿಸ್ಟ್ ತುಂಬ ಹೊತ್ತು ಆಡಿಸಿಕೊಂಡೇ ಪರೀಕ್ಷೆ ಮಾಡಿದರು. ಹ್ಯಾಮರ್‌ಸ್ಮಿತ್ ಅಂತ ಮಗುವಿನ ನರಗಳ ಕೆಲಸ ನೋಡುವ ಒಂದು ಪರೀಕ್ಷೆ, ಎರಡು ತಿಂಗಳಿಂದ ಎರಡು ವರ್ಷದ ಮಕ್ಕಳಿಗೆ ಮಾಡುತ್ತಾರಂತೆ. ಎರಡೂ ಕಡೆಗೆ ಬೇರೆ ಬೇರೆ ಬರೆದುಕೊಂಡರು. ಎಡಗೈ ಎಡಗಾಲಿನಲ್ಲಿ ಬಿಗಿ ಇದೆ ಅಂದರು. ಕೂರುವುದು ನಿಧಾನವಾಗಿದ್ದಕ್ಕೆ ಅವರೂ ತಲೆ ಕೆಡಿಸಿಕೊಳ್ಳಲಿಲ್ಲ. ಎಂಆರ್‌ಐಗೆ ಬರೆದಿದ್ದಾರೆ, ಮಗುವಿಗೆ ನಿದ್ದೆ ಬರಿಸಿ ಮಾಡಬೇಕಂತೆ. ಈಗಲೇ ಹೆಸರು ಹೇಳುವುದಿಲ್ಲ, ಆದರೆ ಥೆರಪಿ ಶುರು ಮಾಡಲು ಹೆಸರಿಗಾಗಿ ಕಾಯುವುದು ಬೇಡ ಅಂದರು. ಕಿವಿಗೆ ಬೆರಾ ಪರೀಕ್ಷೆಯೂ ಆಯಿತು, ಅದು ಸರಿ ಇದೆ.

ಮನೆಯಲ್ಲಿ ಮಾಡಲು ಹೇಳಿಕೊಟ್ಟಿದ್ದು ಇದು. ದಿನಕ್ಕೆ ಸ್ವಲ್ಪ ಹೊತ್ತು ಬಲಗೈಗೆ ಸಣ್ಣ ಕಾಲುಚೀಲ ಹಾಕಬೇಕು. ಆಗ ಅವನಿಗೆ ಇಷ್ಟವಾದದ್ದನ್ನು ಎಡಗಡೆ ಇಡಬೇಕು. ಗೆದ್ದರೆ ಚಪ್ಪಾಳೆ. ಅಳು ಜಾಸ್ತಿಯಾದರೆ ತೆಗೆದುಬಿಡಬೇಕು, ಬಲವಂತ ಇಲ್ಲ. ಸ್ನಾನದ ಹೊತ್ತಿಗೆ ಮೈ ಬೆಚ್ಚಗಿರುವಾಗ ಎಡ ಅಂಗೈ ನಿಧಾನ ಬಿಡಿಸಿ ನೀರಿನಲ್ಲಿ ಬಡಿಸುವುದು. ಬೋರಲು ಮಲಗಿಸಿ ಎದೆಯ ಕೆಳಗೆ ಸುತ್ತಿದ ಟವೆಲ್ ಇಟ್ಟು, ಎರಡೂ ಮೊಣಕೈ ಮುಂದೆ ಇರುವ ಹಾಗೆ ನೋಡಿಕೊಳ್ಳುವುದು. ಜೋಲಿಯಲ್ಲಿ ಮಲಗಿಸುವುದು ನಿದ್ದೆಗೆ ಮಾತ್ರ, ಎಚ್ಚರ ಇದ್ದಾಗ ನೆಲ. ನೆಲದ ತಂಪು ತಾಗಿ ಶೀತ ಆಗುತ್ತದೆ ಅಂತ ಅತ್ತೆ ಗೊಣಗುತ್ತಿದ್ದರು. ದಪ್ಪ ಕಂಬಳಿ ಹಾಸಿದ ಮೇಲೆ ಅವರೇ ಪಕ್ಕದಲ್ಲಿ ಕೂತು ಎಡಗಡೆ ಗಿಲಕಿ ಆಡಿಸುತ್ತಾರೆ. ‘ಎಡಗೈ ಕೊಡೋ ಬಂಗಾರ’ ಅಂತ ಅವರ ಬಾಯಲ್ಲೇ ಕೇಳಿ ನಮ್ಮ ಮನೆಯವರು ಮುಖ ಆ ಕಡೆ ತಿರುಗಿಸಿಕೊಂಡು ನಕ್ಕರು.

ನಾದಿನಿಗೂ ಹೇಳಿದೆ. ಅವಳು ವಿಡಿಯೋ ಹಾಕುವುದು ನಿಲ್ಲಿಸಿಬಿಟ್ಟಳು. ಬೇಡ, ಹಾಕು ಅಂದೆ. ಅವಳ ಮಗಳು ತಟ್ಟೆ ಬಡಿಯುವುದನ್ನು ನೋಡಿದರೆ ಇವನು ಬಿದ್ದುಬಿದ್ದು ನಗುತ್ತಾನೆ.

ಗುಬ್ಬಿ ಅಜ್ಜಿ

ಒಳ್ಳೆಯದಾಯಿತು ಮಗಳೇ. ಕಾಲುಚೀಲ ಹಾಕುವಾಗ ದಾರ ಬೆರಳಿಗೆ ಸುತ್ತಿಕೊಳ್ಳದ ಹಾಗೆ ಒಳಗಿನ ನೂಲು ಕತ್ತರಿಸಿ ಹಾಕು. ನನ್ನ ಮೊಮ್ಮಗಳಿಗೆ ಹಾಗಾಗಿ ಬೆರಳು ಕೆಂಪಾಗಿತ್ತು.

ಚಿಂತಾಮಣಿ ಫಿಸಿಯೋ

ಅಜ್ಜಿಯ ಮಾತು ನೂರಕ್ಕೆ ನೂರು ಸರಿ, ಇದನ್ನು ನಾವು ಹೇಳಲು ಮರೆಯುತ್ತೇವೆ. ಇನ್ನೊಂದು ವಿಷಯ ಅಮ್ಮ. ಎಂಆರ್‌ಐ ವರದಿಯಲ್ಲಿ ಏನೇ ಬರಲಿ, ಅದನ್ನು ಇಂಟರ್‌ನೆಟ್ಟಿನಲ್ಲಿ ಹುಡುಕುತ್ತಾ ಕೂರಬೇಡಿ. ಸ್ಕ್ಯಾನ್ ಒಂದೇ ಥರ ಇರುವ ಇಬ್ಬರು ಮಕ್ಕಳು ಬೇರೆ ಬೇರೆ ಥರ ಬೆಳೆಯುತ್ತಾರೆ. ಪ್ರಶ್ನೆ ಬಂದರೆ ಚೀಟಿಯಲ್ಲಿ ಬರೆದಿಟ್ಟುಕೊಂಡು ಡಾಕ್ಟರನ್ನೇ ಕೇಳಿ.

ಪಾವಗಡದ ಅಮ್ಮ

ಒಂದು ಸಂದೇಹ. ಬೇಗ ಹುಟ್ಟಿದ ಮಗುವಿಗೆ ಆರು ವಾರ ಕಳೆಯಬೇಕು ಅಂದಿರಿ. ಲಸಿಕೆಗೂ ಹಾಗೇ ಕಳೆಯಬೇಕಾ? ನಮ್ಮ ಓರಗಿತ್ತಿಗೆ ಈಗ ಎಂಟು ತಿಂಗಳಿಗೇ ಹೆರಿಗೆ ಆಗಿದೆ.

ಕೊರಟಗೆರೆ ಆಶಾ

ಇಲ್ಲ ಅಕ್ಕ. ಲಸಿಕೆಗೆ ಹುಟ್ಟಿದ ದಿನವೇ ಲೆಕ್ಕ, ಒಂದು ದಿನವೂ ಕಳೆಯುವುದಿಲ್ಲ. ಬೇಗ ಹುಟ್ಟಿದ ಮಕ್ಕಳಿಗೆ ಸೋಂಕು ತಗಲುವುದು ಸುಲಭ, ಅವರಿಗೇ ಮೊದಲು ಬೇಕು. ಆರು, ಹತ್ತು, ಹದಿನಾಲ್ಕು ವಾರಕ್ಕೆ ತಪ್ಪದೆ ಹಾಕಿಸಿ. ಒಂಬತ್ತು ತಿಂಗಳು ತುಂಬಿದ ಮೇಲೆ ದಡಾರ ರುಬೆಲ್ಲಾ ಮತ್ತು ವಿಟಮಿನ್ ಎ. ಕೋಲಾರ ಜಿಲ್ಲೆಯವರಿಗೆ ಮಿದುಳು ಜ್ವರದ ಜೆಇ ಲಸಿಕೆಯೂ ಅದರ ಜೊತೆಗೇ ಇರುತ್ತದೆ. ಓರಗಿತ್ತಿಯವರಿಗೆ ಡಿಸ್ಚಾರ್ಜ್ ಸಮ್ಮರಿಯನ್ನು ತಾಯಿ ಕಾರ್ಡಿನ ಒಳಗೇ ಇಡಲು ಹೇಳಿ. ಕಣ್ಣಿನ ಪರೀಕ್ಷೆ ಆಗಿದೆಯಾ ಅಂತ ಇವತ್ತೇ ಕೇಳಿ, ಬೇಗ ಹುಟ್ಟಿದವರಿಗೆ ಅದನ್ನು ಮೊದಲ ತಿಂಗಳಲ್ಲೇ ಮಾಡಬೇಕು.